ಜಾಲತಾಣದ ಪುಟಕ್ಕೆ ಚಿಕ್ಕ ವಿಳಾಸ: ನೀವು ಹೇಗೆ ಇಟ್ಟಿರಿ?

ಕೇಳಿದವರು, ಸೋಮವಾರಪೇಟೆ: ನಮ್ಮ ತೋಟದ ಕಾಫಿ ಪುಡಿ, ಕಾಳುಮೆಣಸು, ಜೇನು ಮಾರಲು ನನ್ನ ತಮ್ಮ ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಜಾಲತಾಣ ಮಾಡಿಕೊಟ್ಟಿದ್ದಾನೆ. ಮೆಣಸಿನ ಪುಟದ ವಿಳಾಸದ ಕೊನೆಯಲ್ಲಿ ಪ್ರಶ್ನೆ ಚಿಹ್ನೆ, ಪೇಜ್, ಅಂಡರ್‌ಸ್ಕೋರ್, ಐಡಿ, ಸಮ ಚಿಹ್ನೆ, 347 ಎಂದಿದೆ. ಫೋನಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಗಿರಾಕಿಗೆ ಸಾಕಾಗಿರುತ್ತದೆ. ಮುಂದಿನ ವಾರ ಪೊಟ್ಟಣದ ಲೇಬಲ್ ಅಚ್ಚಿಗೆ ಹೋಗಬೇಕು. ಅನುಭವ ಇದ್ದವರು ತಿಳಿಸಿ.

ಹೋಂಸ್ಟೇಯವರು, ಮಡಿಕೇರಿ: ಸೆಟ್ಟಿಂಗ್ಸ್‌ನ ಪರ್ಮಾಲಿಂಕ್ಸ್‌ನಲ್ಲಿ ‘ಪೋಸ್ಟ್ ನೇಮ್’ ಆರಿಸಿ ಅಕ್ಕ. ಆಮೇಲೆ ಪ್ರತಿ ಪುಟಕ್ಕೂ ‘ಸ್ಲಗ್’, ಅಂದರೆ ವಿಳಾಸದ ಕೊನೆಯ ತುಣುಕು, ಬರೆಯಲು ಜಾಗ ಸಿಗುತ್ತದೆ. ಅಲ್ಲಿ ಒಂದೇ ಪದ ಸಾಕು. ನಾನು ಅಭಿಮಾನಕ್ಕೆ ‘ಕಾಫಿ’ ಎಂದು ಕನ್ನಡದಲ್ಲೇ ಕೊಟ್ಟಿದ್ದೆ. ಬ್ರೌಸರಿನಲ್ಲಿ ಚೆಂದವಾಗಿಯೇ ಕಂಡಿತು. ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದರೆ ಬರೀ ಶೇಕಡಾ ಚಿಹ್ನೆಗಳ ಸಾಲು! ಕ, ಅದರ ದೀರ್ಘ, ಫ, ಅದರ ಗುಡಿಸು ಎಂದು ಕಂಪ್ಯೂಟರಿಗೆ ಅದು ನಾಲ್ಕು ಸಂಕೇತ. ಒಂದೊಂದಕ್ಕೂ ಮೂರು ಬೈಟ್, ಬೈಟೊಂದಕ್ಕೆ ಶೇಕಡಾ ಚಿಹ್ನೆಯೂ ಸೇರಿ ಮೂರು ಅಕ್ಷರ. ಎರಡಕ್ಷರದ ಕಾಫಿ 36 ಅಕ್ಷರ ಉದ್ದವಾಯಿತು. ಮನಸ್ಸಿಲ್ಲದ ಮನಸ್ಸಿನಿಂದ ಇಂಗ್ಲಿಷ್ ಅಕ್ಷರಕ್ಕೆ ಮರಳಿದೆ.

ಬೋರ್ಡ್ ಬರೆಸುವವರು, ಗೋಣಿಕೊಪ್ಪಲು: ಅಂಡರ್‌ಸ್ಕೋರ್ ಮಾತ್ರ ಬೇಡ. ನಾನು ಬರೆಸಿದ ಒಂದು ಬೋರ್ಡಿನಲ್ಲಿ ಪೇಂಟರ್ ವಿಳಾಸದ ಕೆಳಗೆ ಚೆಂದಕ್ಕೆಂದು ಕೆಂಪು ಗೆರೆ ಎಳೆದ. ನಡುವಿನ ಅಂಡರ್‌ಸ್ಕೋರ್ ಅದರಲ್ಲೇ ಮುಳುಗಿಹೋಯಿತು. ಎರಡು ಪದ ಬೇಕೇಬೇಕು ಎಂದರೆ ಹೈಫನ್ ಇಡಿ. ಎಲ್ಲವೂ ಸಣ್ಣಕ್ಷರದಲ್ಲಿರಲಿ, ಏಕೆಂದರೆ ಎಷ್ಟೋ ಸರ್ವರ್‌ಗಳಿಗೆ ದೊಡ್ಡ ‘ಎ’ ಬೇರೆ, ಸಣ್ಣ ‘ಎ’ ಬೇರೆ. ಇನ್ನು ಜೇನಿಗೆ ‘ಜೆ’ ಆದ ಮೇಲೆ ‘ಇ’ ಒಂದೋ ಎರಡೋ? ಹತ್ತು ಜನರನ್ನು ಕೇಳಿದರೆ ಎರಡು ಪಂಗಡ. ‘ಹನಿ’ ಎಂದಿಟ್ಟರೆ ಜಗಳವಿಲ್ಲ.

ಇನ್ನೊಬ್ಬ ಹೋಂಸ್ಟೇಯವರು, ವಿರಾಜಪೇಟೆ: ನಾನು ಹುತ್ತರಿ ರಿಯಾಯಿತಿಯ ಪುಟದ ವಿಳಾಸದಲ್ಲಿ ಇಸವಿ ಸೇರಿಸಿದ್ದೆ. ಮರುವರ್ಷ ಅದೇ ಪುಟ ತಿದ್ದಿದೆ, ವಿಳಾಸದಲ್ಲಿ ಹಳೆಯ ಇಸವಿ. ಅತಿಥಿಗಳು ‘ಇದು ಮುಗಿದಿದೆಯಲ್ಲ’ ಎಂದು ಫೋನ್ ಮಾಡಿದರು. ವಿಳಾಸವನ್ನೇ ಬದಲಿಸಿದೆ, ಹಿಂದೆ ಹಂಚಿದ್ದ ಕರಪತ್ರಗಳೆಲ್ಲ ದಂಡವಾದವು. ಹಳೆಯದರಿಂದ ಹೊಸದಕ್ಕೆ 301 ಎಂಬ ಶಾಶ್ವತ ಮರುನಿರ್ದೇಶನ ಹಾಕಬೇಕಿತ್ತು ಎಂದು ಆಮೇಲೆ ತಿಳಿಯಿತು. 347 ಇರುವ ಕೊಂಡಿ ಯಾರ ಮೊಬೈಲಿನಲ್ಲಿ ಉಳಿದಿದೆಯೋ, ಅದು ತಾನೇ ಹೊಸ ವಿಳಾಸಕ್ಕೆ ಹೋಗುತ್ತದೆಯೇ ಎಂದು ನೀವೂ ಒಮ್ಮೆ ನೋಡಿ. ಕೊಂಡಿ ಕಿರಿದು ಮಾಡುವ ಪುಕ್ಕಟೆ ಸೇವೆಗಳನ್ನು ಲೇಬಲ್‌ಗೆ ನಂಬಬೇಡಿ. ಗೂಗಲ್ ಕೂಡ ಅಂಥದ್ದೊಂದನ್ನು ನಡೆಸಿ, 2019ರಲ್ಲಿ ಹೊಸ ಕೊಂಡಿ ಕೊಡುವುದನ್ನು ನಿಲ್ಲಿಸಿತು.

ಕೇಳಿದವರು: ಎಲ್ಲರಿಗೂ ವಂದನೆ. ಲೇಬಲ್ ತಡೆಹಿಡಿದಿದ್ದೇನೆ. ಸ್ಲಗ್ ‘ಪೆಪ್ಪರ್’ ಎಂದಾಯಿತು. ಅಮ್ಮನಿಗೆ ಫೋನಿನಲ್ಲಿ ಹೇಳಿ ಬರೆಯಿಸಿ ನೋಡಿದೆ. ಅದರಲ್ಲಿ ‘ಪಿ’ ಒಟ್ಟು ಎಷ್ಟು ಎಂದು ಕೇಳಿದರು. ಮೂರು.