ವೆರೋನಾ ಪ್ಲಾನ್ ಬಗ್ಗೆ, ಪದ್ಮಕ್ಕಂಗೆ

ಪದ್ಮಕ್ಕ, ಭಾವ ನಿನ್ನೆ ಹಾಕಿದ್ ಪ್ಲಾನ್ ಪೂರ್ತಿ ನೋಡಿದೆ. ಮೆಸೇಜ್ ಸ್ವಲ್ಪ ಉದ್ದ ಆಗತ್ತೆ, ಕಾಫಿ ಹಿಡ್ಕೊಂಡು ಕೂತ್ಕೊಂಡು ಕೇಳಿ. ನೋಡದೇ ಇರೋರಿಗೆ ಒಂದ್ಸಲ ಹೇಳಿಬಿಡ್ತೀನಿ: ಇಟಲಿಗೆ 16 ಜನ, 8 ರಾತ್ರಿ, ವೆರೋನಾ ಊರಿನ ಅರೇನಾ ಅನ್ನೋ ಬಯಲು ರಂಗದಲ್ಲಿ ಒಪೆರಾ (ಹಾಡಿನಲ್ಲೇ ಆಡೋ ನಾಟಕ), ಸುತ್ತಮುತ್ತ ವೈನ್ ತೋಟಗಳು, ಆಮೇಲೆ ಟಸ್ಕನಿ ಪ್ರಾಂತ್ಯದಲ್ಲಿ ಪುಚ್ಚೀನಿ ಅನ್ನೋ ಒಪೆರಾ ಸಂಗೀತಗಾರನ ಹೆಸರಿನ ಉತ್ಸವ. ಎಲ್ಲದಕ್ಕೂ ಒಂದೇ ಬಸ್ಸು. ಬೆಳಿಗ್ಗೆ 9ಕ್ಕೆ ಹೊರಟು ಎರಡು ವೈನರಿ, ರಾತ್ರಿ ಒಪೆರಾ, ಮಾರನೇ ದಿನ 8ಕ್ಕೆ ಮತ್ತೆ ಹೊರಡೋದು. ಜಾಗಗಳನ್ನ ಚೆನ್ನಾಗೇ ಆರಿಸಿದ್ದೀರಿ ಭಾವ, ಅದರಲ್ಲಿ ಮಾತಿಲ್ಲ. ಹೊತ್ತು ಮಾತ್ರ ಕೂಡಿ ಬರಲ್ಲ. ಒಪೆರಾ ಮುಗಿಯೋದು ಮಧ್ಯರಾತ್ರಿ ದಾಟಿದ ಮೇಲೆ, ವೈನರಿಗಳಿಗೆ ಹೋಗೋಕೆ ಒಳ್ಳೇ ಹೊತ್ತು ಬೆಳಿಗ್ಗೆ. ಎರಡನ್ನೂ ಒಂದೇ ದಿನಕ್ಕೆ ತುರುಕಿದ್ರೆ ಮೂರನೇ ದಿನಕ್ಕೆ ಅರ್ಧ ಜನ ಹೋಟೆಲ್ ರೂಮ್‌ನಲ್ಲೇ ಮಲಗಿರ್ತಾರೆ.

ಮೊದಲು ತಾರೀಖು. ಅರೇನಾ ಸೀಸನ್ ಜೂನ್ ಮಧ್ಯದಿಂದ ಸೆಪ್ಟೆಂಬರ್ ಶುರುವಿನ ತನಕ. ಪುಚ್ಚೀನಿ ಉತ್ಸವ ಜುಲೈ-ಆಗಸ್ಟ್. ಅಂದ್ರೆ ನಮ್ಮ ಮಕ್ಕಳ ಏಪ್ರಿಲ್-ಮೇ ರಜಕ್ಕೆ ಎರಡೂ ಸಿಗಲ್ಲ, ಸ್ಕೂಲಿಗೆ ರಜ ಹಾಕಿಸಲೇಬೇಕು, ಅದನ್ನ ಈಗಲೇ ಯೋಚನೆ ಮಾಡಿ. ಆಗಸ್ಟ್ ಬೇಡ. ಆಗಸ್ಟ್ 15 ಅಲ್ಲಿ ಫೆರಗೋಸ್ತೋ ಹಬ್ಬ, ಅದರ ಆಚೀಚೆ ವಾರಗಳಲ್ಲಿ ಮನೆಯವರೇ ನಡೆಸೋ ಸಣ್ಣ ವೈನರಿಗಳು ಎಷ್ಟೋ ಬಾಗಿಲು ಹಾಕಿರತ್ತೆ. ಜುಲೈ ಕೊನೇ ಹತ್ತು ದಿನ ಹಿಡ್ಕೊಳ್ಳಿ: ಎರಡು ಉತ್ಸವಾನೂ ನಡೀತಿರತ್ತೆ, ವೈನರಿಗಳೂ ತೆರೆದಿರತ್ತೆ. ಬಿಸಿಲು ಮಾತ್ರ 33-35 ಡಿಗ್ರಿ ಹೋಗತ್ತೆ. ಯುರೋಪ್ ಅಂತ ಸ್ವೆಟರ್ ಗಂಟು ಕಟ್ಟಬೇಡಿ.

ಈಗ ಅರೇನಾ. ಅದು ಒಂದನೇ ಶತಮಾನದ ರೋಮನ್ ಬಯಲು ರಂಗ. ಇಲ್ಲಿ ಒಪೆರಾ ಉತ್ಸವ ಶುರುವಾಗಿದ್ದು 1913ರ ಆಗಸ್ಟ್ 10ಕ್ಕೆ, ಒಪೆರಾ ಸಂಗೀತಗಾರ ವೆರ್ದಿ ಹುಟ್ಟಿ ನೂರು ವರ್ಷ ಆಯ್ತು ಅಂತ ಅವನದ್ದೇ ಒಪೆರಾ ‘ಆಯಿದಾ’ ಆಡಿಸಿದ್ರು. ಇವತ್ತಿಗೂ ಮೊದಲ ಸಲ ಹೋಗೋರಿಗೆ ಅದೇ ಸರಿ. ಮೆರವಣಿಗೆ, ತುತ್ತೂರಿ, ನೂರಾರು ಜನ ರಂಗದ ಮೇಲೆ, ಕಥೆ ಗೊತ್ತಿಲ್ಲದೋರೂ ಕಣ್ಣು ಬಿಟ್ಟು ನೋಡ್ತಾರೆ. ಆದ್ರೆ ನಾಲ್ಕು ಅಂಕ. ಕತ್ತಲಾಗಲಿ ಅಂತ ರಾತ್ರಿ 9ರ ಮೇಲೇ ಶುರು ಮಾಡ್ತಾರೆ, ಸೆಟ್ ಬದಲಾಯಿಸೋಕೆ ವಿರಾಮಗಳು ಉದ್ದ, ಮುಗಿಯೋಷ್ಟರಲ್ಲಿ ರಾತ್ರಿ ಒಂದು ಗಂಟೆ ಹತ್ತಿರ. ಮಕ್ಕಳಿಗೆ ಮಧ್ಯಾಹ್ನ ಎರಡು ಗಂಟೆ ನಿದ್ದೆ ಮಾಡಿಸ್ಲೇಬೇಕು, ಇಲ್ಲಾಂದ್ರೆ ಎರಡನೇ ಅಂಕದ ಮೆರವಣಿಗೆ ಹೊತ್ತಿಗೇ ತೂಕಡಿಸ್ತಾರೆ. ಮಾಸ್ತರ ಹತ್ರ ಹಾಡು ಕಲಿತಿರೋ ನಮ್ಮ ಅತ್ತಿಗೆಯಂದಿರಿಗೆ ಒಂದು ಮಾತು: ನಮ್ಮ ಸಭೆಗಳ ಮೈಕ್ ಸೌಂಡ್ ಎದುರು ನೋಡ್ಕೊಂಡು ಹೋಗಬೇಡಿ. ಹತ್ತು ಸಾವಿರದ ಮೇಲೆ ಜನ ಕೂರೋ ಬಯಲು, ದನಿ ದೂರದಿಂದ ಬಂದ ಹಾಗೇ ಇರತ್ತೆ. ಮೊದಲ ಹತ್ತು ನಿಮಿಷ ‘ಇಷ್ಟೇನಾ’ ಅನ್ಸತ್ತೆ, ಆಮೇಲೆ ಕಿವಿ ಒಗ್ಗತ್ತೆ.

ಸೀಟ್ ವಿಷಯದಲ್ಲಿ ಜಿಪುಣತನ ಎಲ್ಲಿ ಮಾಡಬೇಕು, ಎಲ್ಲಿ ಮಾಡಬಾರದು ಅಂತ ಹೇಳ್ತೀನಿ. ಕೆಳಗೆ ನೆಲದ ಮೇಲೆ ಕುರ್ಚಿ ಸಾಲುಗಳು, ಅದಕ್ಕೆ ದುಡ್ಡು ಜಾಸ್ತಿ. ಸುತ್ತ ಮೇಲಕ್ಕೆ ಕಲ್ಲಿನ ಮೆಟ್ಟಿಲು, ಅದು ಅಗ್ಗ. ಈ ಮೆಟ್ಟಿಲು ಒಂದೊಂದೂ ಅರ್ಧ ಮೀಟರ್ ಹತ್ರ ಎತ್ತರ, ಹಿಡ್ಕೊಳ್ಳೋಕೆ ಕಂಬಿ ಎಲ್ಲಾ ಕಡೆ ಇಲ್ಲ, ಬೆನ್ನಿಗೆ ಆಸರೆ ಇಲ್ಲ, ಹಗಲೆಲ್ಲ ಬಿಸಿಲಲ್ಲಿ ಕಾದಿರೋ ಕಲ್ಲು ರಾತ್ರಿ 10ಕ್ಕೂ ಬೆಚ್ಚಗಿರತ್ತೆ. ಮಂಡಿ ನೋವಿರೋರು, ಬಿಪಿ ಇರೋರು ಕುರ್ಚಿ ಸೀಟೇ ತಗೊಳ್ಳಿ. ಮಿಕ್ಕೋರಿಗೆ ಮೆಟ್ಟಿಲು ಸಾಕು, ಮೇಲಿಂದ ಇಡೀ ರಂಗ ಕಾಣೋದು ಅಲ್ಲೇ. ದಿಂಬು ಬಾಡಿಗೆಗೆ ಸಿಗತ್ತೆ, ತಗೊಳ್ಳಿ, ಮೂರೂವರೆ ಗಂಟೆ ಕಲ್ಲಿನ ಮೇಲೆ ಬರೀ ಪಂಚೆ-ಸೀರೆಲಿ ಕೂರಕ್ಕಾಗಲ್ಲ. ಟಿಕೆಟ್ ಮೇಲೆ ಸೀಟ್ ನಂಬರ್ ಇದೆಯಾ ನೋಡ್ಕೊಳ್ಳಿ. ನಂಬರ್ ಇಲ್ಲದ ಟಿಕೆಟ್ ಆದ್ರೆ 16 ಜನ ಒಟ್ಟಿಗೆ ಕೂರೋಕೆ ಗೇಟ್ ತೆಗೆಯೋ ಹೊತ್ತಿಗೇ ಅಲ್ಲಿರಬೇಕು. ಗಾಜಿನ ಬಾಟಲ್ ಒಳಗೆ ಬಿಡಲ್ಲ. ಸಂಜೆ ಅಂಗಡಿಲಿ ವೈನ್ ಕೊಂಡು ಹಾಗೇ ಒಪೆರಾಗೆ ಹೋಗೋಣ ಅಂದ್ರೆ ಗೇಟ್‌ನಲ್ಲೇ ಬಿಟ್ಟು ಹೋಗಬೇಕಾಗತ್ತೆ. ನೀರು ಪ್ಲಾಸ್ಟಿಕ್ ಬಾಟಲ್‌ನಲ್ಲಿ ತಗೊಂಡು ಹೋಗಿ.

ಮಳೆ ಬಂದ್ರೆ ಏನು ಅಂತ ಸುಮತ್ತೆ ಕೇಳಿದ್ರು, ಅದೇ ಇಲ್ಲಿ ಮುಖ್ಯ ಪ್ರಶ್ನೆ. ಹನಿ ಬಿದ್ದ ಕೂಡ್ಲೇ ಪಿಟೀಲಿನೋರು ಎದ್ದು ಒಳಗೆ ಹೋಗ್ತಾರೆ, ಮರದ ವಾದ್ಯಕ್ಕೆ ನೀರು ಆಗಲ್ಲ. ಶುರುವಾಗೋ ಮುಂಚೆ ಮಳೆ ಬಂದ್ರೆ ತುಂಬಾ ಹೊತ್ತು ಕಾಯಿಸ್ತಾರೆ, ಆಮೇಲೂ ನಿಲ್ಲದಿದ್ರೆ ರದ್ದು ಮಾಡಿ ದುಡ್ಡು ವಾಪಸ್ ಕೊಡ್ತಾರೆ. ಶುರುವಾಗಿ ನಡುವೆ ನಿಂತು ಹೋದ್ರೆ ಒಂದು ಪೈಸೆ ವಾಪಸ್ ಬರಲ್ಲ, ಒಂದೇ ಅಂಕ ಆಗಿದ್ರೂ ಅಷ್ಟೇ. ಅದಕ್ಕೇ ಭಾವ ವೆರೋನಾಗೆ ಇಟ್ಟಿರೋ 2 ರಾತ್ರಿ ಸಾಲದು, 5 ಮಾಡಿ. ಅಲ್ಲಿ ಒಂದೊಂದು ರಾತ್ರಿ ಒಂದೊಂದು ಒಪೆರಾ ಸರದಿ ಮೇಲೆ ಬರತ್ತೆ, 5 ರಾತ್ರಿಲಿ ಬೇರೆ ಬೇರೆ ಎರಡು ನೋಡಬಹುದು, ಒಂದು ಹೋದ್ರೂ ಇನ್ನೊಂದು ಇರತ್ತೆ. ದಿನಾಲೂ ಪ್ರದರ್ಶನ ಇರಲ್ಲ, ವಾರದ ಕೊನೆಗೆ ಹೆಚ್ಚು. ಹಾಗಾಗಿ ಬುಧವಾರದ ಸುಮಾರಿಗೆ ಊರು ಸೇರಿ ಸೋಮವಾರ ಬಿಡೋ ಹಾಗೆ ನೋಡ್ಕೊಳ್ಳಿ. ಕೊಡೆ ಬೇಡ, ಹಿಂದಿನೋರಿಗೆ ಅಡ್ಡ. ಮಡಚಿದ್ರೆ ಜೇಬಿಗೆ ಹೋಗೋ ಪ್ಲಾಸ್ಟಿಕ್ ರೇನ್‌ಕೋಟ್ ಒಬ್ಬೊಬ್ಬರಿಗೆ ಒಂದು.

ಹೋಟೆಲ್ ಅರೇನಾ ಇರೋ ಪಿಯಾತ್ಸಾ ಬ್ರಾ ಚೌಕದಿಂದ ನಡೆದು ಹೋಗೋಷ್ಟು ದೂರದಲ್ಲೇ ಇರಬೇಕು, ಇದರಲ್ಲಿ ರಾಜಿ ಬೇಡ. ಕಾರಣ ಬಸ್ಸು. ಡ್ರೈವರ್ ಸೇರಿ 9 ಸೀಟ್‌ಗಿಂತ ದೊಡ್ಡ ಗಾಡಿ ಆದ್ರೆ ಯುರೋಪ್‌ನಲ್ಲಿ ಡ್ರೈವರ್‌ಗೆ ದಿನಕ್ಕೆ 11 ಗಂಟೆ ಬಿಡುವು ಕಾನೂನು. ಅದನ್ನ 9ಕ್ಕೆ ಇಳಿಸಬಹುದು, ಅದೂ ಒಂದು ವಾರದ ರಜೆಗೂ ಮುಂದಿನ ವಾರದ ರಜೆಗೂ ಮಧ್ಯೆ ಮೂರೇ ಸಲ. ಲೆಕ್ಕ ಹಾಕಿ ಭಾವ: ಬೆಳಿಗ್ಗೆ 9ಕ್ಕೆ ಕೆಲಸ ಶುರು ಮಾಡಿದ ಡ್ರೈವರ್ ರಾತ್ರಿ 10ಕ್ಕೆ ಮುಗಿಸಬೇಕು, ತುಂಬಾ ಎಳೆದ್ರೆ 12. ಒಪೆರಾ ಬಿಡೋದೇ ಅದಾದ ಮೇಲೆ. ಗಾಡಿಲಿ ಟ್ಯಾಕೋಗ್ರಾಫ್ ಅಂತ ಯಂತ್ರ ಎಲ್ಲಾ ಬರ್ಕೊಳ್ತಿರತ್ತೆ, ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಪ್ಪ’ ಅನ್ನೋದು ನಡೆಯಲ್ಲ. ಇನ್ನೊಬ್ಬ ಡ್ರೈವರ್ ಅಂದ್ರೆ ಖರ್ಚು ಎಲ್ಲಿಗೋ ಹೋಗತ್ತೆ. ಅದರ ಬದಲು ದೊಡ್ಡ ಬಸ್ಸೇ ಬೇಡ. ವೆರೋನಾದಲ್ಲಿ ತೋಟಗಳಿಗೆ ಹೋಗೋ ದಿನ ಮಾತ್ರ 8 ಜನ ಕೂರೋ ವ್ಯಾನ್ ಎರಡು, ಡ್ರೈವರ್ ಸಮೇತ. ಊರಿಂದ ಊರಿಗೆ ಟ್ರೈನ್: ವೆರೋನಾದಿಂದ ಫ್ಲಾರೆನ್ಸ್‌ಗೆ ಹೈಸ್ಪೀಡ್‌ನಲ್ಲಿ ಒಂದೂವರೆ ಗಂಟೆ, ಅಲ್ಲಿಂದ ಲುಕ್ಕಾಗೆ (ಪುಚ್ಚೀನಿ ಉತ್ಸವಕ್ಕೆ ನಾವು ಉಳಿಯೋ ಊರು) ಲೋಕಲ್ ಟ್ರೈನ್ ಇನ್ನೊಂದು ಒಂದೂಕಾಲು-ಒಂದೂವರೆ. ಲೋಕಲ್‌ಗೆ ಕಾಗದದ ಟಿಕೆಟ್ ತಗೊಂಡ್ರೆ ಹತ್ತೋ ಮುಂಚೆ ಪ್ಲಾಟ್‌ಫಾರ್ಮ್ ಮೆಷಿನ್‌ನಲ್ಲಿ ಮುದ್ರೆ ಹಾಕಿಸಬೇಕು, ಮರೆತ್ರೆ ದಂಡ.

ನಾವೇ ಕಾರ್ ಓಡಿಸ್ತೀವಿ ಅಂತ ಹುಡುಗರು ಬರೆದಿದ್ರಲ್ಲ, ಬೇಡ ಕಣ್ರೋ. ವೆರೋನಾ ಹಳೇ ಊರಿನ ಒಳಗೆ ಹೊರಗಿನ ಗಾಡಿಗೆ ನಿರ್ಬಂಧ ಇರೋ ವಲಯ ಇದೆ, ಕ್ಯಾಮೆರಾ ನಂಬರ್ ಹಿಡಿಯತ್ತೆ, ಬಾಡಿಗೆ ಕಾರಾದ್ರೂ ತಿಂಗಳುಗಟ್ಟಲೆ ಆದ ಮೇಲೆ ದಂಡ ಮನೆಗೆ ಬರತ್ತೆ. ಕುಡಿದು ಓಡಿಸೋ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ. ವೈನ್ ರುಚಿ ನೋಡೋ ದಿನ ಅದನ್ನ ದಾಟೋದು ಸುಲಭ.

ತೋಟಗಳಿಗೆ ಬರೋಣ. ವೆರೋನಾದ ವಾಯುವ್ಯಕ್ಕೆ ವಾಲ್ಪೊಲಿಚೆಲ್ಲಾ ಬೆಟ್ಟದ ಸಾಲು, ನೆಗ್ರಾರ್, ಮರಾನೋ, ಫುಮಾನೆ ಈ ಊರುಗಳು, ಅರ್ಧ ಗಂಟೆ ದಾರಿ. ಇಲ್ಲಿನ ಹೆಸರಾದ ವೈನ್ ಅಮರೋನೆ. ಕೊರ್ವೀನಾ, ಕೊರ್ವಿನೋನೆ, ರೊಂದಿನೆಲ್ಲಾ ಅನ್ನೋ ಕಪ್ಪು ದ್ರಾಕ್ಷಿ ಗೊಂಚಲುಗಳನ್ನ ಸೆಪ್ಟೆಂಬರ್‌ನಲ್ಲಿ ಕುಯ್ದು, ಗಾಳಿಯಾಡೋ ಅಟ್ಟದ ಮೇಲೆ ತಟ್ಟೆಗಳಲ್ಲಿ ಒಂದೇ ಪದರ ಹರಡಿ, ಮೂರು-ನಾಲ್ಕು ತಿಂಗಳು ಒಣಗಿಸ್ತಾರೆ. 100 ಕೆಜಿ ಹಣ್ಣು 60-70 ಕೆಜಿಗೆ ಇಳಿಯತ್ತೆ. ನೀರು ಹೋಗಿ ಸಕ್ಕರೆ ಉಳ್ಕೊಳ್ಳತ್ತೆ, ಜನವರಿ ಸುಮಾರಿಗೆ ಹಿಂಡಿ ಹುಳಿಗೆ ಬಿಟ್ಟಾಗ ಆಲ್ಕೋಹಾಲ್ ಶೇ. 15-16ಕ್ಕೆ ಏರತ್ತೆ. ಪದರದ ಮೇಲೆ ಪದರ ಯಾಕೆ ಹಾಕಲ್ಲ ಅಂದ್ರೆ, ಒಂದು ಹಣ್ಣು ಒಡೆದ್ರೆ ತೇವಕ್ಕೆ ಬೂಷ್ಟು ಹಿಡಿದು ಇಡೀ ತಟ್ಟೆ ಹೋಗತ್ತೆ. ಅಕ್ಟೋಬರ್‌ನಲ್ಲಿ ಮೋಡ ಮುಚ್ಚಿಕೊಂಡ್ರೆ ಅಟ್ಟದಲ್ಲಿ ಫ್ಯಾನ್ ಹಾಕ್ತಾರೆ. ನಾವು ಹೋಗೋ ಜುಲೈನಲ್ಲಿ ಆ ಅಟ್ಟ ಖಾಲಿ, ಖಾಲಿ ತಟ್ಟೆ ಮಾತ್ರ ಪೇರಿಸಿರ್ತಾರೆ. ನಂದಿ ಬೆಟ್ಟದ ಕಡೆ ವೈನರಿ ನೋಡಿದವರು ಅಲ್ಲಿನ ಫೆಬ್ರವರಿ-ಮಾರ್ಚ್ ಕುಯ್ಲಿನ ಗದ್ದಲ ನೆನೆಸ್ಕೊಂಡು ಬಂದ್ರೆ ನಿರಾಸೆ ಆಗತ್ತೆ. ಚಪ್ಪರದ ಮೇಲೆ ಕಾಯಿ ಬಣ್ಣ ತಿರುಗೋ ಹೊತ್ತು ಅದು, ನೆಲಮಾಳಿಗೆ ತಂಪಾಗಿರತ್ತೆ, ಅದನ್ನೇ ನೋಡಿ ಬರೋದು.

ಭಾವ, ದಿನಕ್ಕೆ ಎರಡು ವೈನರಿ ಬೇಡ. ಒಂದು ಕಡೆ ನಾಲ್ಕೈದು ಬಗೆ, ಒಂದೊಂದು 40-50 ಮಿಲಿ ಕೊಡ್ತಾರೆ. ಐದು ಬಗೆ ಅಂದ್ರೆ 200-250 ಮಿಲಿ, ಬಾಟಲ್‌ನಲ್ಲಿ ಮೂರನೇ ಒಂದು ಭಾಗ. ಎರಡು ಕಡೆ ಆದ್ರೆ ಮಧ್ಯಾಹ್ನದೊಳಗೆ ಬಾಟಲ್‌ನ ಮೂರನೇ ಎರಡು ಭಾಗ, ಅದೂ ಆ ಬಿಸಿಲಲ್ಲಿ. ರಾತ್ರಿ ಒಪೆರಾ ಮುಗಿದ ಹಾಗೇ. ಉಗುಳೋಕೆ ಪಾತ್ರೆ ಇಟ್ಟಿರ್ತಾರೆ, ಅದರಲ್ಲಿ ಉಗುಳಿದ್ರೆ ಯಾರೂ ಏನೂ ಅಂದ್ಕೊಳ್ಳಲ್ಲ, ಅಲ್ಲಿನೋರೇ ಉಗುಳ್ತಾರೆ. ಕುಡಿಯೋ ಕ್ರಮ ಹಗುರದಿಂದ ಗಟ್ಟಿಗೆ: ಸಾದಾ ವಾಲ್ಪೊಲಿಚೆಲ್ಲಾ ವೈನ್, ಆಮೇಲೆ ರಿಪಾಸ್ಸೋ, ಆಮೇಲೆ ಅಮರೋನೆ, ಕೊನೆಗೆ ಸಿಹಿ ರೆಚೋತೋ. ರಿಪಾಸ್ಸೋ ಅಂದ್ರೆ ಸಾದಾ ವೈನನ್ನ ಅಮರೋನೆ ಹಿಂಡಿದ ಚರಟದ ಮೇಲೆ ಇನ್ನೊಂದ್ಸಲ ಹುಳಿ ಬರಿಸಿದ್ದು, ಬೆಲೆ ಅಮರೋನೆಗಿಂತ ಎಷ್ಟೋ ಕಮ್ಮಿ, ಊಟಕ್ಕೆ ಅದೇ ಮೇಲು ಅನ್ನೋದು ನನ್ನ ಅಭಿಪ್ರಾಯ. ಅಮರೋನೆ ಮೊದಲೇ ಕುಡಿದ್ರೆ ಉಳಿದಿದ್ದೆಲ್ಲ ಸಪ್ಪೆ. ಆ ದಿನ ಸೆಂಟ್ ಹಾಕ್ಕೋಬೇಡಿ, ಪಕ್ಕದೋರಿಗೂ ವಾಸನೆ ತಿಳಿಯಲ್ಲ.

ಬುಕಿಂಗ್ ಇಲ್ಲದೆ ಹೋಗೋ ಹಾಗಿಲ್ಲ. 16 ಜನ ಅಂತ ಮೊದಲೇ ತಿಳಿಸಿ, 8-8 ಎರಡು ಗುಂಪು ಮಾಡಿ ಅಂತ ಕೇಳಿ. ಬೆಳಿಗ್ಗೆ 10ರ ಹೊತ್ತು ಹಿಡೀರಿ, ಮಧ್ಯಾಹ್ನ ಊಟಕ್ಕೆ ಮುಚ್ತಾರೆ, ಭಾನುವಾರ ಎಷ್ಟೋ ಕಡೆ ರಜ. ನಮ್ಮಲ್ಲಿ ಕುಡಿಯದವರೇ ಜಾಸ್ತಿ ಅಲ್ವಾ, ಅವರು ಎಷ್ಟು ಜನ ಅಂತ ಬುಕ್ ಮಾಡುವಾಗಲೇ ಹೇಳಿ, ಬರೀ ತೋಟ-ನೆಲಮಾಳಿಗೆ ನೋಡೋಕೆ ಬೇರೆ ದರ ಇದೆಯಾ ಅಂತ ಕೇಳಿ. ಅವರಿಗೆ ಇನ್ನೊಂದು ದಿನ ಗಾರ್ದಾ ಸರೋವರದ ಕಡೆ ಆಲಿವ್ ಎಣ್ಣೆ ಗಾಣ ಇಟ್ಕೊಳ್ಳಿ. ವೆರೋನಾದ ಪೂರ್ವಕ್ಕೆ ಸೊಆವೆ ಇದೆ, ಕೋಟೆ ಊರು, ಗರ್ಗಾನೆಗಾ ದ್ರಾಕ್ಷಿಯ ಬಿಳಿ ವೈನ್, ಒಪೆರಾ ಇಲ್ಲದ ದಿನಕ್ಕೆ ಅದು.

ಊಟ. ವೆರೋನಾದಲ್ಲಿ ಕುದುರೆ ಮಾಂಸದ ಅಡುಗೆ ಸ್ಥಳೀಯ ವಿಶೇಷ, ಮೆನುಲಿ ‘ಕವಾಲ್ಲೋ’ ಕಂಡ್ರೆ ಮುಂದೆ ಹೋಗಿ. ಅಮರೋನೆ ಹಾಕಿ ಮಾಡೋ ಕೆಂಪು ರಿಸೊತ್ತೋ (ಅಕ್ಕಿ ಅಡುಗೆ) ನೋಡೋಕೆ ವೆಜ್, ಆದ್ರೆ ಮಾಂಸದ ಸಾರಲ್ಲಿ ಬೇಯಿಸಿರೋದೇ ಹೆಚ್ಚು. ‘ಬ್ರೋದೋ ವೆಜೆತಾಲೆ’, ಅಂದ್ರೆ ತರಕಾರಿ ಸಾರು, ಇದೆಯಾ ಅಂತ ಕೇಳಿ. ಕುಂಬಳಕಾಯಿ ತುಂಬಿದ ತೊರ್ತೆಲ್ಲಿ ಪಾಸ್ತಾ, ಅಣಬೆ ಜೊತೆ ಪೊಲೆಂತಾ (ಜೋಳದ ಹಿಟ್ಟಿನ ಅಂಬಲಿ ಥರ) ಪರವಾಗಿಲ್ಲ. ಮೊಟ್ಟೆನೂ ತಿನ್ನದವರು ಹಸಿ ಪಾಸ್ತಾ ಬಿಟ್ಟು ಒಣ ಪಾಸ್ತಾ ಕೇಳಿ. ಗ್ರಾನಾ ಚೀಸ್‌ಗೆ ಹಾಲು ಹೆಪ್ಪುಗಟ್ಟೋಕೆ ಕರುವಿನ ಹೊಟ್ಟೆಯ ರೆನ್ನೆಟ್ ಹಾಕಿರ್ತಾರೆ, ಅತ್ತೆಗೆ ಮೊದಲೇ ಹೇಳಿಬಿಡಿ. ಹೋಟೆಲ್‌ಗಳು ರಾತ್ರಿ ಊಟಕ್ಕೆ ತೆಗೆಯೋದೇ 7-7:30ಕ್ಕೆ, 16 ಜನಕ್ಕೆ ಬಡಿಸಿ ಬಿಲ್ ಕೊಡೋಷ್ಟರಲ್ಲಿ ಒಪೆರಾ ಶುರು. ಒಪೆರಾ ದಿನ ಮಧ್ಯಾಹ್ನ ಗಟ್ಟಿ ಊಟ, ಸಂಜೆ ಪಿಟ್ಸಾ ತುಂಡು, ಸಾಕು.

ಕೊನೇ 3 ರಾತ್ರಿ ಲುಕ್ಕಾ. ಪುಚ್ಚೀನಿ ಹುಟ್ಟಿದ ಊರು, ಕೋಟೆ ಗೋಡೆ ಮೇಲೆ ವಾಕಿಂಗ್ ಮಾಡಬಹುದು. ಉತ್ಸವ ನಡೆಯೋದು ತೊರೆ ದೆಲ್ ಲಾಗೋದಲ್ಲಿ, ಸರೋವರದ ದಡದ ಬಯಲು ರಂಗ, 1930ರಿಂದ. ಅವನಿದ್ದ ಮನೆ ಪಕ್ಕದಲ್ಲೇ ಇದೆ, ಈಗ ಅದೇ ಮ್ಯೂಸಿಯಂ, ಸಮಾಧಿನೂ ಅದರೊಳಗೇ. ಅಲ್ಲಿ ಸೊಳ್ಳೆ ವಿಪರೀತ, ಓಡೋಮಾಸ್ ಇಲ್ಲಿಂದಲೇ ತಗೊಂಡು ಹೋಗಿ, ಉದ್ದ ತೋಳಿನ ಬಟ್ಟೆ ಹಾಕ್ಕೊಳ್ಳಿ. ರಾತ್ರಿ ವಾಪಸ್ ಟ್ರೈನ್ ನಂಬಬೇಡಿ, ಆ ಒಂದು ರಾತ್ರಿಗೆ ಎರಡು ವ್ಯಾನ್ ಮೊದಲೇ ಹೇಳಿಡಿ. ಮಾರನೇ ದಿನ ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಹತ್ತಿರದ ಮೊಂತೆಕಾರ್ಲೋ ಬೆಟ್ಟದ ಮೇಲೆ ಒಂದು ವೈನರಿ, ಅಷ್ಟೇ.

ಬಾಟಲ್ ತರೋದು: ಇಂಡಿಯಾಗೆ ಒಬ್ಬರಿಗೆ 2 ಲೀಟರ್ ತನಕ ಡ್ಯೂಟಿ ಇಲ್ಲ. 750 ಮಿಲಿ ಎರಡು, ಜೊತೆಗೆ ರೆಚೋತೋ 500 ಮಿಲಿ ಒಂದು, ಸರಿಯಾಗಿ 2 ಲೀಟರ್. 750ರದ್ದೇ ಮೂರು ತಂದ್ರೆ 2.25, ಮೇಲಿನದ್ದಕ್ಕೆ ಸುಂಕ ಕಟ್ಟಬೇಕು. ಅಮರೋನೆ ಬಾಟಲ್‌ಗಳು ದಪ್ಪ ಗಾಜು, ತುಂಬಿದ್ದು ಒಂದೂವರೆ ಕೆಜಿ ತೂಗೋದೂ ಉಂಟು. ಚೆಕ್-ಇನ್ ಬ್ಯಾಗ್‌ನಲ್ಲಿ ಬಟ್ಟೆ ಸುತ್ತಿ ನಡುವಿಗಿಡಿ, ಕೈಚೀಲದಲ್ಲಿ ಸೆಕ್ಯುರಿಟಿ ಬಿಡಲ್ಲ.

ಇಟಲಿಗೆ ಬೇಕಾದ ಷೆಂಗನ್ ವೀಸಾಗೆ ಹೊರಡೋ 6 ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು, ಜುಲೈಗೆ ಅಂದ್ರೆ ಜನವರಿ-ಫೆಬ್ರವರಿ. ಮೇ ತಿಂಗಳ ತನಕ ಬಿಟ್ರೆ ಬೇಸಿಗೆ ಜನಸಂದಣಿಲಿ ಅಪಾಯಿಂಟ್‌ಮೆಂಟ್‌ಗೆ ಒದ್ದಾಡಬೇಕು. ಇನ್ಶೂರೆನ್ಸ್ ಕನಿಷ್ಠ 30,000 ಯೂರೋ ಕವರ್ ಇರಬೇಕು. ಅರೇನಾ ಟಿಕೆಟ್ ಅವರದ್ದೇ ವೆಬ್‌ಸೈಟ್‌ನಲ್ಲಿ ತಗೊಳ್ಳಿ. ಸೀಟ್ ಬುಕ್ ಮಾಡೋಕೆ ಎರಡು ವಿಷಯ ಬೇಕು ನನಗೆ, ಎಲ್ಲರೂ ಭಾನುವಾರದೊಳಗೆ ಇಲ್ಲೇ ಹಾಕಿ: ಮೆಟ್ಟಿಲು ಹತ್ತೋಕೆ ಆಗದೋರು ಯಾರು ಯಾರು, ವೈನ್ ಮುಟ್ಟದವರು ಯಾರು ಯಾರು. ದೊಡ್ಡಪ್ಪ, ನೀವು ‘ನಾನು ಹತ್ತುತೀನಿ’ ಅಂತ ಹಾಕಬೇಡಿ, ನಿಮಗೆ ಕುರ್ಚಿನೇ.