ಡೆಬಿಯನ್: 64 ಬಿಟ್ ವೈನ್ ಇರುವಾಗ 32 ಬಿಟ್ ಪ್ಯಾಕೇಜ್ ಇನ್‌ಸ್ಟಾಲ್ ಆಗುತ್ತಿಲ್ಲ

ಜಯನಗರ_ಡೆಬ್
ಬೆಂಗಳೂರಿನ ಒಂದು ಕಚೇರಿಗೆ ವೈನ್ (ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಧನ) ಪ್ಯಾಕೇಜ್ ಮಾಡುತ್ತಿದ್ದೇನೆ. ಅವರ ಬಿಲ್ಲಿಂಗ್ ತಂತ್ರಾಂಶ 32 ಬಿಟ್‌ನದು. ಎಎಂಡಿ64 (64 ಬಿಟ್) ಪ್ಯಾಕೇಜ್ ಸರಿಯಾಗಿ ಇನ್‌ಸ್ಟಾಲ್ ಆಗುತ್ತದೆ. ಅದರ ಪಕ್ಕದಲ್ಲಿ ಐ386 (32 ಬಿಟ್) ಹಾಕಿದರೆ, ಡಾಕ್ ಫೋಲ್ಡರಿನ ಚೇಂಜ್‌ಲಾಗ್ ಇನ್ನೊಂದು ಪ್ಯಾಕೇಜಿನದಕ್ಕಿಂತ ಬೇರೆ ಇದೆ ಎಂದು ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಡಿಪಿಕೆಜಿ ನಿಲ್ಲಿಸಿಬಿಡುತ್ತದೆ. ಎರಡಕ್ಕೂ ‘ಮಲ್ಟಿ-ಆರ್ಚ್: ಸೇಮ್’ (ಎರಡು ಆರ್ಕಿಟೆಕ್ಚರ್‌ನ ಪ್ಯಾಕೇಜ್ ಒಟ್ಟಿಗೆ ಇರಬಹುದು ಎಂಬ ಗುರುತು) ಕೊಟ್ಟಿದ್ದೇನೆ.

ಪ್ಯಾಕೇಜಿಗ
‘ಸೇಮ್’ ಎಂದಮೇಲೆ ಎರಡೂ ಪ್ಯಾಕೇಜಿನಲ್ಲಿ ಒಂದೇ ಜಾಗಕ್ಕೆ ಬರುವ ಫೈಲು ಬೈಟ್ ಬೈಟ್‌ಗೂ ಒಂದೇ ಇರಬೇಕು. ಬಿಲ್ಡ್ ಹಂತಗಳಿರುವ ರೂಲ್ಸ್ ಫೈಲಿನಲ್ಲಿ ನೀವೇ ಫೈಲು ಕುಗ್ಗಿಸುವ ಜಿಜಿಪ್ ಕರೆದಿದ್ದೀರಾ ನೋಡಿ. ಅದು ಫೈಲಿನ ಸಮಯವನ್ನೂ ಒಳಗೆ ಬರೆದಿಡುತ್ತದೆ, ಹಾಗಾಗಿ ಎರಡು ಬಿಲ್ಡ್ ಹೊಂದುವುದಿಲ್ಲ. ಸಮಯ ಬರೆಯದಂತೆ ಎನ್ ಆಯ್ಕೆ ಕೊಡಿ, ಇಲ್ಲವೇ ಆ ಕೆಲಸ ಡೆಬಿಯನ್‌ನ ಡಿಎಚ್_ಕಂಪ್ರೆಸ್ ಸಾಧನಕ್ಕೆ ಬಿಡಿ. ಎರಡೂ ಡೆಬ್ ಫೈಲನ್ನು ಬೇರೆ ಬೇರೆ ಫೋಲ್ಡರಿಗೆ ಬಿಚ್ಚಿ ಡಿಫ್ ಹಾಕಿದರೆ ಉಳಿದ ವ್ಯತ್ಯಾಸವೂ ಕಾಣುತ್ತದೆ.

ಲೈಬ್ರರಿಗಳು ಆಯಾ ಆರ್ಕಿಟೆಕ್ಚರ್ ಹೆಸರಿನ ಫೋಲ್ಡರಿಗೇ ಹೋಗಲಿ. ಬಿನ್‌ನಲ್ಲಿ ಒಂದೇ ಹೆಸರಿನ ಎರಡು ಬೈನರಿ ಇಡಬೇಡಿ, ಅಲ್ಲೂ ಇದೇ ಜಗಳ. ಫಾಂಟ್‌ನಂಥ ಸಾಮಾನ್ಯ ಫೈಲುಗಳಿಗೆ ‘ಆಲ್’ (ಎಲ್ಲ ಆರ್ಕಿಟೆಕ್ಚರ್‌ಗೂ ಒಂದೇ) ಪ್ಯಾಕೇಜ್ ಮಾಡಿ, ಅದಕ್ಕೆ ತಪ್ಪದೆ ‘ಮಲ್ಟಿ-ಆರ್ಚ್: ಫಾರಿನ್’ ಹಾಕಿ. ಅದಿಲ್ಲದಿದ್ದರೆ ಡಿಪೆಂಡೆನ್ಸಿ ನೋಡುವ ಆಪ್ಟ್ ‘ಆಲ್’ ಅನ್ನು ಎಎಂಡಿ64 ಎಂದೇ ಎಣಿಸುತ್ತದೆ, ಐ386ರ ಡಿಪೆಂಡೆನ್ಸಿ ಈಡೇರುವುದಿಲ್ಲ. ಆವೃತ್ತಿಯೂ ಎರಡರಲ್ಲಿ ಒಂದೇ ಇರಬೇಕು. ಒಂದನ್ನು ಮಾತ್ರ ಮರುಬಿಲ್ಡ್ ಮಾಡಿದರೆ ಅಪ್‌ಗ್ರೇಡ್ ಸಿಕ್ಕಿಕೊಳ್ಳುತ್ತದೆ.

ಕೆಂಗೇರಿ_ಕರ್ನೆಲ್
ಇಷ್ಟೆಲ್ಲ ಬೇಡವೆಂದರೆ 2024ರ ಜನವರಿಯಲ್ಲಿ ಬಂದ ವೈನ್ 9.0 ಅಥವಾ ಮುಂದಿನದನ್ನು ಹೊಸ ವಾವ್64 (32 ಬಿಟ್ ವಿಂಡೋಸ್ ತಂತ್ರಾಂಶವನ್ನು 64 ಬಿಟ್ ವೈನ್‌ನಲ್ಲೇ ಓಡಿಸುವ) ಕ್ರಮದಲ್ಲಿ ಬಿಲ್ಡ್ ಮಾಡಿ. ಕಾನ್ಫಿಗರ್‌ನ ‘ಎನೇಬಲ್-ಆರ್ಚ್ಸ್’ ಆಯ್ಕೆಗೆ ಐ386, ಎಕ್ಸ್86_64 ಎರಡನ್ನೂ ಕೊಟ್ಟರೆ ಲಿನಕ್ಸ್‌ನ 32 ಬಿಟ್ ಲೈಬ್ರರಿ ಒಂದೂ ಬೇಕಾಗುವುದಿಲ್ಲ. ಬಿಲ್ಡ್ ಯಂತ್ರದಲ್ಲಿ ವಿಂಡೋಸ್ ಬೈನರಿ ಮಾಡುವ ಮಿಂಗ್‌ಡಬ್ಲ್ಯು ಕಂಪೈಲರ್ ಇರಲಿ. 9.0ರ ಈ ಕ್ರಮದಲ್ಲಿ ಹಳೆಯ ‘ವಿನ್32’ ಪ್ರಿಫಿಕ್ಸ್ (ವೈನ್ ತನ್ನ ಸಿ ಡ್ರೈವ್, ಸೆಟ್ಟಿಂಗ್ ಇಡುವ ಫೋಲ್ಡರ್) ತೆರೆಯುವುದಿಲ್ಲ. ಹೊಸ ಪ್ರಿಫಿಕ್ಸ್ ಮಾಡಿ ತಂತ್ರಾಂಶವನ್ನು ಮತ್ತೆ ಇನ್‌ಸ್ಟಾಲ್ ಮಾಡಬೇಕು. ಬಿಲ್ಲಿಂಗ್ ಡೇಟಾ ಮೊದಲು ಬ್ಯಾಕಪ್ ಮಾಡಿಕೊಳ್ಳಿ.

ಜಯನಗರ_ಡೆಬ್
ತೊಂದರೆ ಜಿಜಿಪ್‌ನದೇ, ಸರಿಹೋಯಿತು. ಧನ್ಯವಾದ. ಕೌಂಟರಿನಲ್ಲಿ ಎರಡು ರಾಸ್ಪ್‌ಬೆರಿ ಪೈ 5 ಕೂಡ ಇವೆ. ಅದೇ ಸೋರ್ಸನ್ನು ಅವುಗಳ ಪ್ರೊಸೆಸರ್ ಬಗೆಯಾದ ಆರ್ಮ್64ಗೆ ಬಿಲ್ಡ್ ಮಾಡಿದರೆ ಸಾಕೇ?

ಕೆಂಗೇರಿ_ಕರ್ನೆಲ್
ಸಾಲದು. ವೈನ್ ವಿಂಡೋಸ್ ಕರೆಗಳನ್ನು ಲಿನಕ್ಸ್‌ಗೆ ಒಗ್ಗಿಸುತ್ತದೆ, ಪ್ರೊಸೆಸರ್ ಸೂಚನೆಗಳನ್ನು ಬದಲಿಸುವುದಿಲ್ಲ. ಅದಕ್ಕೆ ಎಕ್ಸ್86 ಸೂಚನೆಗಳನ್ನು ಆರ್ಮ್‌ಗೆ ಬದಲಿಸುವ ಬಾಕ್ಸ್64 ಬೇಕು. ಆಗ ಆರ್ಮ್64 ವೈನ್ ಬೇಕಿಲ್ಲ. ಮೇಲೆ ಹೇಳಿದ ವಾವ್64 ಬಿಲ್ಡನ್ನೇ ಬಾಕ್ಸ್64 ಓಡಿಸುತ್ತದೆ.

ಪೈ 5ರ ಮೂಲ ಕರ್ನೆಲ್‌ನಲ್ಲಿ ಮೆಮೊರಿ ಪುಟ 16 ಕೆಬಿ, ಎಕ್ಸ್86 ಪ್ರೋಗ್ರಾಂಗಳು ನಂಬಿರುವುದು 4 ಕೆಬಿ. ಎಷ್ಟೋ ಸಲ ವೈನ್ ಶುರುವಾಗುವ ಮೊದಲೇ ಬೀಳುವುದು ಇದರಿಂದ. ಬೂಟ್ ಭಾಗದ ಕಾನ್ಫಿಗ್ ಫೈಲಿನಲ್ಲಿ 4 ಕೆಬಿ ಪುಟದ ಕರ್ನೆಲ್8 ಇಮೇಜನ್ನು ಆರಿಸಿ ರೀಬೂಟ್ ಮಾಡಿ. ಗೆಟ್‌ಕಾನ್ಫ್ ಆದೇಶದಲ್ಲಿ ಪೇಜ್‌ಸೈಜ್ 4096 ಬಂದಮೇಲೆ ವೈನ್ ಮುಟ್ಟಿ.