ಗ್ರಾಸ್ ಟನ್ನೇಜ್: ‘ಒಟ್ಟು ತೂಕ’ ಅಲ್ಲ, ಹಾಗಾದರೆ ಏನು?

ಗೆಳೆಯರೆ,

ಅಮೆರಿಕದಲ್ಲಿ ಸಣ್ಣ ದೋಣಿಗಳ ದಾಖಲಾತಿಗೆ ಸಲ್ಲಿಸುವ ಅಳತೆ ಅರ್ಜಿಗೆ ಕನ್ನಡ ವಿವರಣೆ ಸಿದ್ಧವಾಗುತ್ತಿದೆ, ನಾಳೆ ಬೆಳಗ್ಗೆ ಅಚ್ಚಿಗೆ. ಗ್ರಾಸ್ ಟನ್ನೇಜ್, ನೆಟ್ ಟನ್ನೇಜ್, ಡಿಸ್‌ಪ್ಲೇಸ್‌ಮೆಂಟ್ ಮೂರಕ್ಕೂ ಪದ ಬೇಕು. ಕರಡಿನಲ್ಲಿ ‘ಒಟ್ಟು ತೂಕ’, ‘ನಿವ್ವಳ ತೂಕ’, ‘ಸ್ಥಾನಪಲ್ಲಟ’ ಎಂದಿದೆ. ಮೊದಲೆರಡು ತಪ್ಪು, ಗೊತ್ತು. ಕಾಲಂ ಕಿರಿದು, ಎರಡು ಪದ ಮೀರುವಂತಿಲ್ಲ.

ಮರು:
> ಮೊದಲೆರಡು ತಪ್ಪು, ಗೊತ್ತು

ಮೂರನೆಯದೂ ತಪ್ಪೇ. ಶಾಲೆಯ ಪಠ್ಯದಲ್ಲಿ ಸ್ಥಾನಪಲ್ಲಟ ಎಂದರೆ ವಸ್ತು ಇದ್ದ ಜಾಗದಿಂದ ಸರಿದ ದೂರ. ಇಲ್ಲಿರುವುದು ದೋಣಿ ತಳ್ಳಿದ ನೀರಿನ ತೂಕ, ಅಂದರೆ ದೋಣಿಯದೇ ತೂಕ. ‘ತೇಲುತೂಕ’ ಎನ್ನಿ. ‘ತೂಕ’ ಸಲ್ಲುವುದು ಅದೊಂದಕ್ಕೇ. ಉಳಿದೆರಡೂ ಗಾತ್ರದ ಲೆಕ್ಕ. ಗ್ರಾಸ್ ಎಂದರೆ ದೋಣಿಯೊಳಗಿನ ಒಟ್ಟು ಜಾಗ, ನೆಟ್ ಎಂದರೆ ಅದರಲ್ಲಿ ಎಂಜಿನ್ ಮುಂತಾದವುಗಳ ಜಾಗ ಕಳೆದು ಉಳಿದದ್ದು. ಇವುಗಳ ಏಕಮಾನವಾದ ರಿಜಿಸ್ಟರ್ ಟನ್ ಎಂದರೆ 100 ಘನ ಅಡಿ, ಸುಮಾರು 2.83 ಘನ ಮೀಟರ್. ವೇಬ್ರಿಜ್ ತೋರಿಸುವ ಟನ್ನಿಗೂ ಇದಕ್ಕೂ ಸಂಬಂಧವಿಲ್ಲ.

ಅಲ್ಲಿನ ಸರಳ ಕ್ರಮ ಹೀಗಿದೆ. ಉದ್ದ, ಅಗಲ, ಡೆಪ್ತ್ ಮೂರನ್ನೂ ಅಡಿಗಳಲ್ಲಿ ಗುಣಿಸಿ 100ರಿಂದ ಭಾಗಿಸಿ. ಎಂಜಿನ್ ದೋಣಿಯಾದರೆ 0.67ರಿಂದ, ಹಾಯಿದೋಣಿಯಾದರೆ 0.5ರಿಂದ ಗುಣಿಸಿದರೆ ಗ್ರಾಸ್. ಎಂಜಿನ್ ದೋಣಿಗೆ ಗ್ರಾಸ್‌ನ 0.8 ಪಾಲು ನೆಟ್, ಹಾಯಿದೋಣಿಗೆ 0.9. ಎಂಜಿನ್ ಒಡಲಿನ ಹೊರಗಿದ್ದರೆ ಕಳೆಯುವಂತಿಲ್ಲ, ನೆಟ್ಟೂ ಗ್ರಾಸ್‌ನಷ್ಟೇ. 30×10×5 ಅಡಿಯ, ಒಡಲೊಳಗೇ ಎಂಜಿನ್ ಇರುವ ದೋಣಿಗೆ ಗ್ರಾಸ್ 10.05, ನೆಟ್ 8.04.

ಮರು:
ಟನ್ನೇಜ್ ಯಾಕೆ ಬೇಕು? ‘ಕೊಳ್ಳಳವು’ ಎನ್ನಿ. ಒಳಗೆ ಎಶ್ಟು ಕೊಳ್ಳುತ್ತದೆ ಎಂಬುದರ ಅಳತೆ. ಕೊಳಗವೂ ಇದೇ ‘ಕೊಳ್’ ಬೇರಿನದು. ದೋಣಿ, ಹಡಗು ನಮ್ಮ ನುಡಿಯವು, ಅಳತೆ ಮಾತ್ರ ಇಂಗ್ಲಿಶಿನದೇ?

ಮರು:
> ದೋಣಿ, ಹಡಗು ನಮ್ಮ ನುಡಿಯವು

ಹಡಗು ಸರಿ, ಹಿಂದೆ ‘ಪಡಗು’ ಇದೆ. ದೋಣಿಯ ಪಕ್ಕದಲ್ಲಿ ಸಂಸ್ಕೃತದ ದ್ರೋಣಿ ಕೂತಿದೆ, ನೋಡಿಕೊಳ್ಳಿ. ದ್ರೋಣ ಮರದ ಪಾತ್ರೆಯೂ ಹೌದು, ಧಾನ್ಯದ ಅಳತೆಯೂ ಹೌದು. ನಿಮ್ಮ ವಾದಕ್ಕೆ ಇದಕ್ಕಿಂತ ಒಳ್ಳೆಯ ಆಸರೆ ಸಿಗಲಿಕ್ಕಿಲ್ಲ, ಆದರೆ ಸಂಸ್ಕೃತ ನಿಮಗೆ ಬೇಡವಲ್ಲ!

‘ಕೊಳ್ಳಳವು’ ಓದಿದವರು ಎಷ್ಟು ಕೊಂಡಿರಿ ಎಂದು ಕೇಳುತ್ತಾರೆ.

ಟನ್ ಇರಲಿ ಬಿಡಿ. ಅದರ ಮೂಲ ದ್ರಾಕ್ಷಾರಸದ ದೊಡ್ಡ ಪೀಪಾಯಿ. ಪೀಪಾಯಿಯ ಹೆಸರು ತೂಕಕ್ಕೂ ಹಡಗಿನ ಗಾತ್ರಕ್ಕೂ ಹರಡಿತು. ನಮ್ಮಲ್ಲೂ 20 ಕೊಳಗದ ಖಂಡುಗ ಕಾಳಿನ ಅಳತೆ, ಅಷ್ಟು ಬೀಜ ಹಿಡಿಸುವ ಹೊಲವೂ ಖಂಡುಗವೇ. ಗೊಂದಲ ತಪ್ಪಿಸಲು ‘ಗಾತ್ರ’ ಸೇರಿಸಿ: ‘ಒಟ್ಟು ಗಾತ್ರಟನ್’, ‘ನಿವ್ವಳ ಗಾತ್ರಟನ್’.

ಮರು:
ಗಾತ್ರ ಸಂಸ್ಕ್ರುತ, ಟನ್ ಇಂಗ್ಲಿಶ್. ಅರಿಸಮಾಸಕ್ಕೂ ಒಂದು ಮಿತಿ ಇದೆ.

ಮರು:
ಟನ್ನು, ಟನ್ನಿಗೆ, ಟನ್‌ಗಟ್ಟಲೆ. ವಿಭಕ್ತಿ ಹತ್ತಿ ಎಷ್ಟೋ ಕಾಲವಾಯಿತು. ಇನ್ನು ಪಾಸ್‌ಪೋರ್ಟ್ ಕೇಳಬೇಡಿ.

ಮರು:
1969ರ ಅಂತರರಾಷ್ಟ್ರೀಯ ಒಪ್ಪಂದದ ಗ್ರಾಸ್ ಟನ್ನೇಜ್‌ಗೆ ಏಕಮಾನವೇ ಇಲ್ಲ, ಅದು ಬರೀ ಸಂಖ್ಯೆ. ಅಲ್ಲಿಗೆ ಟನ್ನೂ ಸಲ್ಲದು. ‘ಗಾತ್ರಾಂಕ’ ಎಂದರೆ ಎರಡೂ ಕಡೆಗೆ ಆದೀತು.

ಮರು:
ಎಲ್ಲರಿಗೂ ವಂದನೆ. ಆ ಒಪ್ಪಂದ 24 ಮೀಟರ್ ಮತ್ತು ಮೇಲಿನ ಹಡಗುಗಳಿಗೆ, ನಮ್ಮವು ಅದಕ್ಕಿಂತ ಚಿಕ್ಕವು. ‘ಗಾತ್ರಟನ್’, ‘ತೇಲುತೂಕ’ ಹಾಕುತ್ತಿದ್ದೇನೆ. ಕೊನೆಯ ಪ್ರಶ್ನೆ: ಡೆಪ್ತ್‌ಗೆ ‘ಆಳ’ ಸಾಕಲ್ಲ?

ಮರು:
ಬೇಡವೇ ಬೇಡ. ಇಡೀ ಅರ್ಜಿ ಕೆಡುವುದು ಅಲ್ಲೇ. ‘ಆಳ’ ಎಂದು ಕಂಡರೆ ಜನ ನೀರಿನೊಳಗೆ ಮುಳುಗಿದಷ್ಟನ್ನೇ ಅಳೆಯುತ್ತಾರೆ. ಬೇಕಾದ್ದು ದೋಣಿಯ ಮೇಲಂಚಿನಿಂದ ಒಡಲಿನ ತಳದವರೆಗಿನ ಅಳತೆ, ಕೆಳಗೆ ಚಾಚಿದ ಕೀಲ್ (ತಳದ ಉದ್ದಕ್ಕೂ ಇರುವ ನಡುದಿಂಡು) ಬಿಟ್ಟು. ‘ಒಡಲ ಎತ್ತರ’ ಎಂದು ಹಾಕಿ. ಮೇಲಿನ ದೋಣಿಯಲ್ಲೇ 5 ಅಡಿಯ ಬದಲು ಮುಳುಗಿದ 2.5 ಅಡಿ ಬರೆದರೆ ನೆಟ್ 8.04 ಹೋಗಿ 4.02 ಆಗುತ್ತದೆ. ದಾಖಲಾತಿಗೆ ಕನಿಷ್ಠ 5 ನೆಟ್ ಟನ್ ಬೇಕು.